ಎಳ್ಳ ಅಮಾಸಿ ಬಿಸಿಲು, ಕಾಕಾನ ಡಬ್ಬಿ ಕ್ಯಾಮರಾ

ಈ ಸಲ ಥಂಡಿ ಲಗೂನ ಸುರು ಆದಂಗ ಅದ ನೋಡ್ರಿ. ದೀಪಾವಳಿ ಪಣತಿ ಇನ್ನೂ ತೊಳದು ಎತ್ತಿಟ್ಟಿಲ್ಲ, ಮುಂಜಾನೆ ಅಂಗಳಕ್ಕ ನೀರು ಹಾಕಲಿಕ್ಕೆ ಹೋದ್ರ ಕೈ ಸೆಟದು ಹೋಗ್ತಾವ. ಆದ್ರೂ ನಮ್ಮ ಓಣಿ ನಾಲ್ಕು ಮಂದಿ ಹೆಣ್ಣುಮಕ್ಕಳು ಸ್ವೆಟರ್ ಹಾಕ್ಕೊಂಡು, ತಲಿಗೆ ಸ್ಕಾರ್ಫ್ ಕಟಗೊಂಡು ಸಾಧನಕೇರಿ ತನಕ ಅಡ್ಡ್ಯಾಡಲಿಕ್ಕೆ ಹೋಗೂದು ಬಿಟ್ಟಿಲ್ಲ. ಅರ್ಧ ತಾಸಿನ ದಾರಿಗೆ ಒಂದೂವರಿ ತಾಸು ಹಿಡೀತದ. ಯಾಕಂದ್ರ ಒಬ್ಬೊಬ್ಬರು ಒಂದೊಂದು ಗಿಡದ ಮುಂದ ಫೋನ್ ಹಿಡಕೊಂಡು ನಿಂತಬಿಡ್ತೀವಿ. ಒಬ್ಬಾಕಿಗೆ ಜೇಡರ ಬಲಿ ಮ್ಯಾಲಿನ ಇಬ್ಬನಿ ಬೇಕು, ಇನ್ನೊಬ್ಬಾಕಿಗೆ ಕೆರಿ ಮ್ಯಾಲೆ ಏಳೋ ಮಂಜು ಬೇಕು. ನಾನಂತೂ ಚಹಾದ ಅಂಗಡಿ ಮುಂದಿನ ಹೊಗಿ ತೆಗೀತೀನಿ. ಮನಿಗೆ ಬಂದು ಅವನ್ನೆಲ್ಲಾ ನೋಡಕೋತ ಕೂತ್ರ ಒಲಿ ಮ್ಯಾಲಿನ ಹಾಲು ಉಕ್ಕಿದ್ದೂ ಗೊತ್ತಾಗೂದಿಲ್ಲ.

ಹೋದ ವರ್ಷ ಈ ದಿವಸದಾಗ ನನಗ ಇದ್ಯಾವುದೂ ಬ್ಯಾಡಾಗಿತ್ತು. ಶ್ರಾವಣದಾಗ ಅವ್ವ ಹೋಗಿದ್ಲು. ಹಾರ ಹಾಕಲಿಕ್ಕೆ ಒಂದು ಫೋಟೋ ಬೇಕು ಅಂತ ಹುಡುಕಿದ್ರ, ಎಂಬತ್ತೊಂದು ವರ್ಷ ಬಾಳಿದ ಹೆಣ್ಣಮಗಳದು ಒಂದು ಛಲೋ ಫೋಟೋ ಮನಿಯೊಳಗ ಇಲ್ಲ! ಮದುವಿಯಾದಾಗ ಸ್ಟುಡಿಯೋದಾಗ ತೆಗಸಿದ್ದು ಒಂದು, ಆಧಾರ್ ಕಾರ್ಡಿಂದು ಒಂದು, ಅಣ್ಣನ ಮಗನ ಲಗ್ನದಾಗ ಸಾಲಿನ್ಯಾಗ ನಿಂತದ್ದು ಒಂದು. ಕಡೀಕ ಆ ಲಗ್ನದ್ದನ್ನ ಕತ್ತರಿಸಿ ಫ್ರೇಮ್ ಹಾಕಿಸಿದ್ವಿ. ಬಾಜೂಕ ನಿಂತ ಬೀಗತಿಯ ಸೆರಗಿನ ತುದಿ ಇನ್ನೂ ಅದರಾಗ ಕಾಣ್ತದ.

ಆಮ್ಯಾಲೆ ಅವ್ವನ ಟ್ರಂಕು ತಗದಾಗ, ಇಳಕಲ್ಲ ಸೀರಿ ಕೆಳಗ, ಒಂದು ಬಿಸ್ಕೀಟ್ ಡಬ್ಬಿಯೊಳಗ ಕರೀ-ಬಿಳಿ ಫೋಟೋ ಸಿಕ್ಕ್ವು. ಅಂಗೈಯೊಳಗ ಹಿಡಿಸೋ ಚೌಕೋನ ಫೋಟೋ, ಸುತ್ತ ಬಿಳಿ ಅಂಚು. ನಲವತ್ತರ ಮ್ಯಾಲೆ ಇದ್ವು. ಒಂದೊಂದ ಹಾಸಿಗಿ ಮ್ಯಾಲೆ ಹರವಿ ನೋಡಕೋತ ಹ್ವಾದಂಗ ಒಂದು ಮಾತು ಲಕ್ಷಕ್ಕ ಬಂತು. ಹೊರಗ ತಗದ ಫೋಟೋದಾಗ ಹೆಚ್ಚು ಕಡಿಮಿ ಎಲ್ಲಾ ಥಂಡಿ ದಿವಸದ್ದ. ಹಿಂದ ಎತ್ತರಕ್ಕ ನಿಂತ ಜ್ವಾಳ, ನೆಲದ ಮ್ಯಾಲೆ ಉದ್ದನ್ನ ನೆರಳು, ಹುಡುಗರ ತಲೀಗೆ ಕುಂಚಿಗಿ. ಮಳಿಗಾಲದ್ದು ಒಂದೂ ಇಲ್ಲ. ನಾ ಓದಿದ್ದು ಪಿಯುಸಿ ತನಕ ಅಷ್ಟ, ಆದ್ರ ಹಿಂಥಾದ್ದೊಂದು ತಲ್ಯಾಗ ಹೊಕ್ಕರ ನನಗ ನಿದ್ದಿ ಬರೂದಿಲ್ಲ. ಅದಕ್ಕ ಹುಬ್ಬಳ್ಳಿ ಕಾಕಾನ್ನ ಕೇಳಿದೆ, ಮಗಳ ಕಡೆಯಿಂದ ಫೋನಿನ್ಯಾಗ ಹುಡುಕಿಸಿದೆ, ಲೈಬ್ರರಿಗೂ ಎರಡು ಸಲ ಹೋಗಿ ಬಂದೆ.

ನಮ್ಮ ಧಾರವಾಡಕ್ಕೂ ಫೋಟೋಕ್ಕೂ ಸಂಬಂಧ ನಾವು ತಿಳಕೊಂಡಿದ್ದಕ್ಕಿಂತ ಹಳೇದದ. ಪ್ಯಾರಿಸ್ಸಿನ್ಯಾಗ ಡಾಗೇರ್ ಅನ್ನಾಂವ ತನ್ನ ಫೋಟೋ ತೆಗಿಯೋ ರೀತಿ ಜಗತ್ತಿಗೆ ತೋರಿಸಿದ್ದು 1839ರಾಗ. ಹದಿನೈದು ವರ್ಷದಾಗ, ಅಂದ್ರ 1854ಕ್ಕ, ಮುಂಬೈಯೊಳಗ ಫೋಟೋ ಹವ್ಯಾಸದವರ ಒಂದು ಸೊಸೈಟಿನೇ ಸುರು ಆತು. ಆವಾಗ ನಾವು ಮುಂಬೈ ಇಲಾಖೆಯವರಲ್ಲೇನು, ಮುಂಬೈಗೆ ಬಂದದ್ದು ನಮ್ಮ ಕಡೆನೂ ಬರ್ತಿತ್ತು. 1855ರಾಗ ಸರ್ಕಾರದವರು ಬಿಗ್ಸ್ ಅನ್ನೋ ಫೌಜಿನ ಸಾಹೇಬನ್ನ ನೇಮಿಸಿ ನಮ್ಮ ಕಡೆ ಗುಡಿಗಳ ಫೋಟೋ ತೆಗಿಯಲಿಕ್ಕೆ ಹಚ್ಚಿದ್ರು. ಆಂವನ ಮ್ಯಾಲೆ ಡಾಕ್ಟರ್ ಪಿಗೂ ಅಂತ ಒಬ್ಬಾಂವ ಬಂದ. ಅವರಿಬ್ಬರದು, ಡಾಕ್ಟರ್ ನೀಲ್ ಅನ್ನಾಂವಂದು ಫೋಟೋ ಕೂಡಿಸಿ 1866ರಾಗ ಲಂಡನ್ನಿನ್ಯಾಗ ‘ಆರ್ಕಿಟೆಕ್ಚರ್ ಇನ್ ಧಾರವಾರ್ ಅಂಡ್ ಮೈಸೂರ್’ ಅಂತ ದೊಡ್ಡ ಪುಸ್ತಕ ಬಂತು. ಅದಕ್ಕ ಇತಿಹಾಸದ ಭಾಗ ಬರದಾಂವ ಸುರಪುರದ ಕತಿಯೊಳಗ ಬರೋ ಮೆಡೋಸ್ ಟೇಲರ್ ಸಾಹೇಬನೇ. 1856ರಾಗ ಹಂಪಿ ಫೋಟೋ ತಗದ ಗ್ರೀನ್‌ಲಾ ಅನ್ನಾಂವನೂ ಫೌಜಿನಾಂವನ. ಆಂವ ನಿಂತ ಜಾಗಾ ಹುಡುಕಿ, 1983ರಾಗ ಜಾನ್ ಗಾಲಿಂಗ್ಸ್ ಅನ್ನೋ ಫೋಟೋಗ್ರಾಫರ್ ಅವನ್ನೇ ಮತ್ತೊಮ್ಮೆ ತಗದಾನ.

ಆ ಫೋಟೋ ನೋಡಿದ್ರ ಕಲ್ಲಿನ ಒಂದೊಂದು ಬಳ್ಳಿ ಎಣಿಸಬಹುದು. ಆದ್ರ ಮಂದಿ ಕಾಣೂದು ಭಾಳ ಕಡಿಮಿ! ಅವಾಗ ನೆಗೆಟಿವ್ ಕಾಗದದ ಮ್ಯಾಲೆ ಮೂಡಿಸಬೇಕಾಗಿತ್ತು, ನಿಮಿಷಗಟ್ಟಲೆ ಕ್ಯಾಮರಾದ ಬಾಯಿ ತಗದಿಡಬೇಕಾಗಿತ್ತು. ಕಲ್ಲು ಅಲುಗಾಡೂದಿಲ್ಲ, ಕೂಸು ಎತಗೊಂಡ ಹೆಣ್ಣಮಗಳು ಅಲುಗಾಡದ ನಿಲ್ತಾಳೇನ್ರಿ? ಗುಡಿಗೆ ಹೂವು ಏರಿಸಲಿಕ್ಕೆ ಬಂದಾಕಿ, ಬಾವಿ ನೀರಿಗೆ ಬಂದಾಕಿ, ಇವರೆಲ್ಲಾ ಆ ಫೋಟೋದ ಮುಂದಿಂದನ ಹಾದು ಹೋಗಿರಬೇಕು, ಕಾಗದದ ಮ್ಯಾಲೆ ಮೂಡಿಲ್ಲ ಅಷ್ಟ.

ಮುಂದ ಸ್ಟುಡಿಯೋ ಬಂದ್ವು. ನಮ್ಮ ಅಜ್ಜ-ಅಜ್ಜಿ ಕಾಲದ ಫೋಟೋ ಎಲ್ಲಾ ಅಲ್ಲೀವ. ಸ್ಟುಡಿಯೋದಾಗ ಹಿಂದ ಒಂದು ಪರದೆ ಇರ್ತಿತ್ತು, ಅದರ ಮ್ಯಾಲೆ ಕೆರಿ, ತ್ವಾಟ, ಕಮಾನು, ಮೆಟ್ಟಲಾ ಎಲ್ಲಾ ಬಣ್ಣದಾಗ ಬರದಿರ್ತಿದ್ರು. ನನಗ ನಗು ಬರ್ತದ. ನಿಜವಾದ ಕೆರಿ ಎರಡು ಹರದಾರಿ ಆಚೆ ಇರ್ತಿತ್ತು, ಆದ್ರ ಹೆಣ್ಣುಮಕ್ಕಳು ಫೋಟೋದಾಗ ನಿಂತದ್ದು ಬರದ ಕೆರಿ ಮುಂದ. ಅಜ್ಜಿಯಂತೂ ಅಲ್ಲಿಗೂ ಹೋಗಲಿಲ್ಲ. ಫೋಟೋ ತಗಸಿದ್ರ ಆಯುಷ್ಯ ಕಡಿಮಿ ಆಗ್ತದಂತ ಆಕಿಗೆ ಹೆದರಿಕಿ. ಫೋಟೋ ತಗಸದನ ಆಕಿ ಐವತ್ತೆಂಟಕ್ಕ ಹೋದ್ಲು, ಅಜ್ಜ ಮೂರು ಫೋಟೋ ತಗಸಿ ತೊಂಬತ್ತು ವರ್ಷ ಬದುಕಿದ.

ಸ್ಟುಡಿಯೋ ಬಾಗಲಾ ದಾಟಿ ಫೋಟೋ ಹೊಲಕ್ಕ ಬಂದದ್ದು ಡಬ್ಬಿ ಕ್ಯಾಮರಾದಿಂದ. ಅಮೆರಿಕಾದ ಜಾರ್ಜ್ ಈಸ್ಟ್‌ಮನ್ 1888ರಾಗ ಕೊಡಾಕ್ ಕ್ಯಾಮರಾ ತಂದ. ಅದರಾಗ ನೂರು ಫೋಟೋದ ರೋಲ್ ತುಂಬಿ ಕೊಡ್ತಿದ್ರು, ಮುಗದ ಮ್ಯಾಲೆ ಕ್ಯಾಮರಾನ ಕಾರ್ಖಾನಿಗೆ ಕಳಸಬೇಕು. 1900ಕ್ಕ ಬ್ರೌನಿ ಅಂತ ಒಂದು ಡಾಲರಿಗೆ ಒಂದು ಡಬ್ಬಿ ಮಾಡಿದ. ನಮ್ಮ ದೇಶದ ಮಧ್ಯಮ ವರ್ಗದ ಮನಿಗೆ ಅಂಥಾ ಡಬ್ಬಿ ಬರಲಿಕ್ಕೆ ಇನ್ನೂ ಅರವತ್ತು ವರ್ಷ ಹಿಡೀತು. ಸ್ವಾತಂತ್ರ್ಯ ಬಂದ ಮ್ಯಾಲೆ ಹೊರದೇಶದ ಸಾಮಾನು ಸಿಗೂದು ಕಷ್ಟ ಇತ್ತಲ್ಲ. ಬಡೋದಾದಾಗ ತಯಾರಾಗ್ತಿದ್ದ ಆಗ್ಫಾ ಕ್ಲಿಕ್ ಥ್ರೀ ಅನ್ನೋ ಕರೀ ಡಬ್ಬಿ ಎಷ್ಟೋ ಮನ್ಯಾಗಿನ ಮೊದಲನೇ ಕ್ಯಾಮರಾ. ಊಟಿಯೊಳಗ 1960ರಾಗ ಸರ್ಕಾರದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಸುರು ಆತು, ಅಲ್ಲಿಂದ ‘ಇಂದು’ ಅನ್ನೋ ಹೆಸರಿನ ಫಿಲ್ಮ್ ಬರಲಿಕತ್ವು.

ನಮ್ಮ ಕಾಕಾನ ಕಡೆ ಇದ್ದದ್ದೂ ಅದೇ ಕ್ಲಿಕ್ ಥ್ರೀ. ನೌಕರಿ ಹತ್ತಿದ ಮ್ಯಾಲೆ ತಗೊಂಡಿದ್ದ. ಆಂವನ್ನ ಕೇಳಿದಾಗನ ನನ್ನ ಒಗಟು ಬಿಡಿಸಿತು. ಆ ಕ್ಯಾಮರಾದಾಗ ಇದ್ದದ್ದು ಎರಡ-ಮೂರು ಗುರುತು ಅಷ್ಟ. ಮೋಡ, ಬಿಸಿಲು, ಮತ್ತ ಹಳದಿ ಗಾಜಿಂದೊಂದು. ಬಾಯಿ ತಗದು ಮುಚ್ಚೋ ವೇಗ ಒಂದ. ಫ್ಲ್ಯಾಶ್ ಹಚ್ಚೂದು ಯಾರಿಗೆ ಕೈಗೆಟಕತಿತ್ತು? ಅಂದ್ರ ಝಳಝಳ ಬಿಸಿಲಿಲ್ಲಂದ್ರ ಫೋಟೋ ಇಲ್ಲ. ಒಂದು ರೋಲಿನ್ಯಾಗ ಹನ್ನೆರಡ ಫೋಟೋ. ಧಾರವಾಡದಾಗ ಜೂನಿನಿಂದ ದಸರಾ ತನಕ ಮೋಡ, ಜಿಟಿಜಿಟಿ ಮಳಿ. ಅದರಾಗ ರೋಲ್ ಹಾಕಿದ್ರ ರೊಕ್ಕಾ ನೀರಾಗ ಹಾಕಿದಂಗ. ಬ್ಯಾಸಗಿಯೊಳಗ ಬಿಸಿಲೇನೋ ಇರ್ತದ, ಆದ್ರ ನೆತ್ತಿ ಮ್ಯಾಲಿನ ಸೂರ್ಯಾ ಕಣ್ಣಿನ ಗುಣಿಯೊಳಗ ಕರೀ ನೆರಳು ಹಾಕಿ ಎಲ್ಲಾರನೂ ಜಡ್ಡಾದವರಂಗ ಕಾಣಸ್ತಾನ. ಮಳಿ ತೊಳದ ಆಕಾಶ, ವಾರೆ ಬೀಳೋ ಬಿಸಿಲು, ಬೆವರಿಲ್ಲದ ಮುಖಾ, ಇವು ಮೂರೂ ಒಟ್ಟಿಗೆ ಸಿಗೂದು ಕಾರ್ತೀಕ ಮಾರ್ಗಶಿರದಾಗ. ಮತ್ತ ಹೊರಗ ಹೋಗಿ ಉಣ್ಣೋ ಹಬ್ಬಾನೂ ಅವಾಗನ. ಬಾಜೂ ಮನಿಯವರು ಕಾರ್ತೀಕದಾಗ ನೆಲ್ಲಿಗಿಡದ ಕೆಳಗ ವನಭೋಜನಕ್ಕ ಹೋಗ್ತಿದ್ರು, ನಾವು ಎಳ್ಳ ಅಮಾಸಿಗೆ ಹೊಲಕ್ಕ. ಹಿಂಗಾಗಿ ಕಾಕಾನ ರೋಲ್ ಒಮ್ಮೆ ದೀಪಾವಳಿಗೆ ಹೊಕ್ಕರ ಸಂಕ್ರಾಂತಿಯೊಳಗ ಮುಗೀತಿತ್ತು. ನಮ್ಮ ಮನಿ ಆಲ್ಬಮ್ಮಿನ್ಯಾಗ ವರ್ಷದ ಎರಡು ಮೂರು ತಿಂಗಳ ಅಷ್ಟ ಅದ, ಉಳಿದ ತಿಂಗಳು ಯಾರೂ ಬದುಕಿರಲೇ ಇಲ್ಲ ಅನ್ನೋ ಹಂಗ.

1978ರ ಎಳ್ಳ ಅಮಾಸಿ ನನಗ ನೆನಪದ, ನಾ ಮೂರನೇತ್ತೆ ಇದ್ದೆ. ಅವ್ವ ರಾತ್ರಿ ಎರಡಕ್ಕ ಎದ್ದಿದ್ಲು. ಸಜ್ಜಿ ರೊಟ್ಟಿ, ಎಳ್ಳು ಹಚ್ಚಿದ ಜ್ವಾಳದ ರೊಟ್ಟಿ, ಎಣ್ಣಿಗಾಯಿ ಬದನಿಕಾಯಿ, ಪುಂಡಿಪಲ್ಯೆ, ಮಡಿಕಿಕಾಳು, ಗುರೆಳ್ಳ ಹಿಂಡಿ, ಶೇಂಗಾ ಹೋಳಿಗಿ, ಕಡಬು, ಬುತ್ತಿ ಅನ್ನ, ಗಡಿಗಿ ತುಂಬ ಮೊಸರು. ಚಕ್ಕಡಿಯೊಳಗ ನಾವು ಹದಿನಾಲ್ಕು ಮಂದಿ. ಅತ್ಯಾಂದಿರು ಮೂರು ಮಂದಿ ಬಂದಿದ್ರು, ಕಾಕು ಹೊಸದಾಗಿ ಬಂದಿದ್ಲು. ಥಂಡಿಗೆ ಎತ್ತಿನ ಮೂಗಿನಿಂದ ಹೊಗಿ ಬರ್ತಿತ್ತು. ದಾರಿಯೊಳಗ ಕಡ್ಲಿ ಹೊಲದಾಗ ಒಬ್ಬಾಕಿ ತೆಳ್ಳನ್ನ ಬಟ್ಟಿ ಹಾಸಿ ಕಡ್ಲಿ ಗಿಡದ ಹುಳಿ ಇಬ್ಬನಿ ಹಿಡೀಲಿಕ್ಹತ್ತಿದ್ಲು. ಹೊಟ್ಟಿ ನೋವಿಗೆ ಔಷಧಾ ಅಂತ ಅದನ್ನ ಹಿಂಡಿ ಸೀಸೆದಾಗ ತುಂಬಿಡ್ತಿದ್ರು, ಈಗ ಯಾರು ಮಾಡ್ತಾರ? ಬನ್ನಿಗಿಡದ ಕೆಳಗ ಐದು ಕಲ್ಲು ಸುಣ್ಣ ಹಚ್ಚಿ ಪಾಂಡವರಂತ ಇಟ್ಟು, ಹಿಂದ ಒಂದು ಕಳ್ಳನ್ನ ಇಟ್ಟು ಪೂಜಾ ಮಾಡಿದ್ವಿ. ಅಪ್ಪ ಮುಂದ ಚರಗ ಚೆಲ್ಲಕೋತ ಕೂಗಿದ್ರ, ಹಿಂದ ನೀರು ಹಾಕಕೋತ ಅಣ್ಣ ಕೂಗಾಂವ. ಕಾಕಾ ಸೂರ್ಯಾಗ ಬೆನ್ನು ಮಾಡಿ ನಿಂತು, ಉಸರು ಹಿಡದು, ಖಟ್ ಅಂತ ಒತ್ತತಿದ್ದ. ಅದಕ್ಕ ನಾವೆಲ್ಲಾ ಆ ಫೋಟೋದಾಗ ಕಣ್ಣು ಕಿರದು ಮಾಡಕೊಂಡೀವಿ.

ಆ ರೋಲಿನ ಫೋಟೋ ಡಬ್ಬಿಯೊಳಗ ಏಳು ಸಿಕ್ಕಾವ. ಎತ್ತಿಂದು ಅದ, ಪಾಂಡವರದ್ದದ, ಅಪ್ಪ ಚರಗ ಚೆಲ್ಲೋದದ, ಗಂಡಸರು ಊಟಕ್ಕ ಕೂತದ್ದದ. ಅದರಾಗ ಒಂದು ಕಡೆ ರೊಟ್ಟಿ ನೀಡೋ ಕೈ, ಎರಡು ಬಳಿ ಕಾಣ್ತಾವ. ಬಳಿ ಮ್ಯಾಲೆ ನಾ ಹೇಳ್ತೀನಿ, ಅದು ಅವ್ವನ ಕೈ. ಗಂಡಸರದ್ದು ಮುಗದು ಹೆಣ್ಣುಮಕ್ಕಳು ಉಣ್ಣಲಿಕ್ಕೆ ಕೂತಾಗ ಬಿಸಿಲು ಇಳಿದಿರ್ತಿತ್ತು, ರೋಲೂ ಮುಗಿದಿರ್ತಿತ್ತು. ಯಾರದೂ ತಪ್ಪಿಲ್ಲ ಅಂತಾನ ಕಾಕಾ. ಇರಬಹುದು. ಆದ್ರ ನನಗ ಸಿಟ್ಟು ಬಂದದ್ದು ಖರೆ.

ಅವ್ವ ಪೂರಾ ಕಾಣೋದು ಒಂದ. ಬುತ್ತಿ ಗಂಟು ಸೊಂಟದ ಮ್ಯಾಲಿಟಗೊಂಡು, ತಲಿ ಮ್ಯಾಲೆ ಸೆರಗು, ನಿಂತಾಳ. ಆದ್ರ ಕಾಕಾ ಅದರ ಹಿಂದಿನ ಫೋಟೋ ತಗದು ರೋಲ್ ತಿರುವಲಿಕ್ಕೆ ಮರತಿದ್ದ. ಒಂದರ ಮ್ಯಾಲೆ ಒಂದು ಮೂಡೇದ. ಅವ್ವನ ಸೀರಿಯೊಳಗಿಂದ ಜ್ವಾಳದ ದಂಟು ಎದ್ದಾವ, ಮುಖದ ಮ್ಯಾಲೆ ಒಂದು ತೆನಿ ಬಂದದ. ಕೆಟ್ಟ ಫೋಟೋ ಅಂತ ಅವಾಗ ಯಾರೂ ಆಲ್ಬಮ್ಮಿಗೆ ಹಚ್ಚಲಿಲ್ಲ. ಆಕಿ ಒಬ್ಬಾಕಿನ ಅದನ್ನ ಬಿಸ್ಕೀಟ್ ಡಬ್ಬಿಯೊಳಗ ಇಟಗೊಂಡಿದ್ಲು.

ಹೋಮಾಯಿ ವ್ಯಾರಾವಾಲಾ ಅವರ ಬಗ್ಗೆ ಲೈಬ್ರರಿಯೊಳಗ ಓದಿದೆ. ನಮ್ಮ ದೇಶದ ಮೊದಲನೇ ಪತ್ರಿಕಾ ಫೋಟೋಗ್ರಾಫರ್ ಹೆಣ್ಣುಮಗಳು. ಕಾಲೇಜಿನ್ಯಾಗ ಇದ್ದಾಗ ಆಕಿಗೆ ಸಿಕ್ಕ ಮೊದಲನೇ ಕೆಲಸ ಏನು ಗೊತ್ತದೇನ್ರಿ? ಒಂದು ಪಿಕ್ನಿಕ್ಕಿನ ಫೋಟೋ ತೆಗಿಯೋದು. ಸುರುವಿಗೆ ಆಕಿ ತಗದದ್ದು ಗಂಡನ ಹೆಸರಿನ ಮ್ಯಾಲೆ ಅಚ್ಚಾಗ್ತಿದ್ವಂತ. ಮುಂದ ನೆಹರೂ ಅವರದು, ಸ್ವಾತಂತ್ರ್ಯದ ದಿವಸದ್ದು ಎಲ್ಲಾ ತಗದ್ರು. 2011ರಾಗ ಪದ್ಮವಿಭೂಷಣ ಬಂತು. ನಮ್ಮ ಅವ್ವನ ಕಾಲದಾಗ ಹೆಣ್ಣುಮಕ್ಕಳಿಗೆ ಅದು ಆಗದ ಕೆಲಸ ಏನಲ್ಲ. ನಮ್ಮ ಚಕ್ಕಡಿಯೊಳಗ ಕ್ಯಾಮರಾ ಯಾರೂ ಅತ್ಯಾಂದಿರ ಕೈಯಾಗ ಕೊಡಲಿಲ್ಲ, ಅವರೂ ಕೇಳಲಿಲ್ಲ.

ನಂತರದ್ದು ನಿಮಗ ಗೊತ್ತದ. ನನ್ನ ಮದುವಿ ಆದ ಮ್ಯಾಲೆ ಕೊಡಾಕ್ ಕೆಬಿ ಟೆನ್ ಬಂತು. ಕಲರ್ ರೋಲ್, ಮೂವತ್ತಾರು ಫೋಟೋ, ಲಗ್ನ ಮುಂಜಿವಿ ಬಿಟ್ಟು ಅದನ್ನ ಕಪಾಟಿನಿಂದ ತೆಗೀತಿರಲಿಲ್ಲ. ಈಗ ಫೋನಿನ್ಯಾಗ ನಸುಕಿನ ಆರೂವರಿ ಮಂಜಿನ್ಯಾಗೂ ಫೋಟೋ ಬರ್ತದ. ಕಾಕಾಗ ಸಾಧನಕೇರಿ ಮಂಜು ತೋರಿಸಿದೆ. ಭಾಳ ಹೊತ್ತು ನೋಡಿದ, ‘ನನ್ನ ಡಬ್ಬಿಯೊಳಗ ಇದು ಬರೇ ಕರೀ ಕಾಗದ ಆಗ್ತಿತ್ತವಾ’ ಅಂದ. ಹೋದ ವಾರ ಮಗಳು ನನ್ನ ಫೋನ್ ತಗೊಂಡು ನೋಡಿ, ಇಷ್ಟು ಸಾವಿರ ಫೋಟೋದಾಗ ನೀ ಎಲ್ಲೆ ಇದ್ದೀ ಅಂತ ಕೇಳಿದ್ಲು. ಹುಡುಕಿದ್ರ ನಾಲ್ಕು ಸಿಕ್ಕ್ವು, ಅದರಾಗ ಎರಡರಾಗ ನನ್ನ ನೆರಳು. ಮರುದಿನ ಮುಂಜಾನೆ ಚಹಾ ಅಂಗಡಿಯಾಂವನ ಕೈಯಾಗ ಫೋನ್ ಕೊಟ್ಟು ನಾವು ನಾಲ್ಕೂ ಮಂದಿ ಕಟ್ಟಿ ಮ್ಯಾಲೆ ಸಾಲಾಗಿ ಕೂತ್ವಿ. ಒಬ್ಬಾಕಿ ಸ್ಕಾರ್ಫ್ ತಗೀಲಿಕ್ಕೆ ತಯಾರಿಲ್ಲ, ಕೂದಲಕ್ಕ ಬಣ್ಣ ಹಚ್ಚಿಲ್ಲಂತ!

ಈಗ ನಾ ಇದನ್ನ ಬರದ ಕಾರಣಕ್ಕ ಬರ್ತೀನಿ. ಆ ರೋಲಿನ ನೆಗೆಟಿವ್ ಧಾರವಾಡದ ಮಳಿಗಾಲದ ತಂಪಿಗೆ ಒಂದಕ್ಕೊಂದು ಅಂಟಿ ಬೂಸಲಾ ಬಂದು ಹೋದ್ವು. ಆದ್ರ ಕಾಕಾ ಆವಾಗ ಫೋಟೋದ ಕಾಪಿ ಹಾಕಿಸಿ ಅತ್ಯಾಂದಿರ ಮನಿಗೂ ಒಂದೊಂದು ಕೊಟ್ಟಿದ್ದನಂತ. ಎಂಟನೇ ನಂಬರಿನ್ಯಾಗ ‘ವೈನಿ ನಗಲಿಕ್ಹತ್ತಿದ್ರು, ಕೈಯಾಗ ಹಸಿ ಕಡ್ಲಿ ಇತ್ತು’ ಅಂತ ಆಂವಗ ಪಕ್ಕಾ ನೆನಪದ. ಬೆಳಗಾವಿ ಅತ್ಯಾನ ಸೊಸಿಯಂದಿರು, ಗದಗಿನವರು, ಬಾಗಲಕೋಟಿ ಅಕ್ಕ, ನಿಮ್ಮ ಅತ್ತಿಯವರ ಟ್ರಂಕು, ದೇವರ ಮನಿ ಮಾಡ, ಹಳೇ ಪಂಚಾಂಗದ ನಡುವೆ ಒಮ್ಮೆ ನೋಡ್ರಿ. ಅಂಟಿದ್ದರ ಎಳೀಬ್ಯಾಡ್ರಿ, ಹಂಗ ಇಡ್ರಿ, ನಾ ಬಂದು ತಗೊಂಡು ಹೋಗ್ತೀನಿ. ಫೋನಿನ್ಯಾಗ ತಗದು ಕಳಸೋದಿದ್ರ ಕಿಡಕಿ ಕಡೆ ಬೆಳಕಿಗೆ ಇಟ್ಟು ತಗೀರಿ, ಫ್ಲ್ಯಾಶ್ ಹಾಕಬ್ಯಾಡ್ರಿ. ಹಿಂದ ಪೆನ್ಸಿಲ್ಲಿನ್ಯಾಗ ಕಾಕಾನ ಅಕ್ಷರದಾಗ ನಂಬರ್ ಇರ್ತದ. ನನ್ನ ಕಡೆ 1, 2, 4, 5, 7, 9, 12 ಅವ. 3, 6, 8, 10, 11 ಬೇಕಾಗ್ಯಾವ.