ಒಗ್ಗದೆ ಉಳಿಯುವ ಮಾತು

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಎಂದರೆ ನಮ್ಮ ಪಟ್ಟಣವಾಸಿಗಳಿಗೆ ನೆನಪಾಗುವುದು ಕೋಟೆ, ದೇವಸ್ಥಾನ, ಕಬ್ಬಿನ ಗದ್ದೆ. ಹೆಚ್ಚೆಂದರೆ ಮೇಲುಕೋಟೆಯ ಪುಳಿಯೋಗರೆ. ನನಗೆ ನೆನಪಾಗುವುದು ಬೇರೊಂದು. ಅನ್ಯ ದೇಶದ, ಅನ್ಯ ಕಾಲದ, ಅನ್ಯ ಧರ್ಮದ ಕಥೆ ಕಾವ್ಯ ನಾಟಕಗಳನ್ನು ನಾವು ಓದಬೇಕಾದದ್ದು ಹೇಗೆ ಎಂಬ ಪ್ರಶ್ನೆಗೆ ಕನ್ನಡದಲ್ಲಿ ದೊರೆತಿರುವ ಒಳ್ಳೆಯ ಉತ್ತರಗಳಲ್ಲಿ ಹಲವು ಈ ನಾಲ್ಕು ತಾಲ್ಲೂಕುಗಳೊಡನೆ ನಂಟುಳ್ಳವು. ಆ ಉತ್ತರಗಳು ಒಂದೇ ಬಗೆಯವಲ್ಲ. ಒಂದು ಇನ್ನೊಂದನ್ನು ತಿದ್ದುತ್ತದೆ, ಕೆಲವೊಮ್ಮೆ ಜಗಳಕ್ಕೂ ನಿಲ್ಲುತ್ತದೆ. ಅದರಿಂದಲೇ ಅವನ್ನು ಒಟ್ಟಿಗಿಟ್ಟು ನೋಡುವುದು ಲಾಭಕರ.

ಇದು ಪಂಡಿತರ ಗೋಷ್ಠಿಗೆ ಮಾತ್ರ ಸೇರಿದ ಪ್ರಶ್ನೆಯೆಂದು ವಾಚಕರು ಭಾವಿಸಬಾರದು. ಇಂಗ್ಲಿಷ್ ಕಾದಂಬರಿಗಳನ್ನು ಓದಿ ಬೆಳೆದ ಹುಡುಗನೊಬ್ಬ ಹಳಗನ್ನಡ ಕಾವ್ಯವನ್ನು ಕೈಗೆತ್ತಿಕೊಂಡು, “ಅವರಲ್ಲಿರುವುದು ನಮ್ಮಲ್ಲೇಕಿಲ್ಲ?” ಎನ್ನುತ್ತಾನೆ. ಮನೆಯ ಹಿರಿಯರು, “ಅವರಲ್ಲಿರುವುದೆಲ್ಲ ನಮ್ಮಲ್ಲಿ ಮೊದಲೇ ಇತ್ತು” ಎನ್ನುತ್ತಾರೆ. ಒಂದು ಮಾತಿನಲ್ಲಿ ಕೀಳರಿಮೆ, ಇನ್ನೊಂದರಲ್ಲಿ ಜಂಬ. ಎರಡೂ ಓದನ್ನು ಮುಗಿಸಿಬಿಡುತ್ತವೆ, ಬೆಳೆಸುವುದಿಲ್ಲ.

ಮೊದಲು ಶ್ರೀರಂಗಪಟ್ಟಣ. ೧೬೭೩ರಿಂದ ೧೭೦೪ರವರೆಗೆ ಅಲ್ಲಿಂದ ಆಳಿದ ಚಿಕ್ಕದೇವರಾಜ ಒಡೆಯರ ಆಸ್ಥಾನದಲ್ಲಿ ಸಿಂಗರಾರ್ಯನೆಂಬ ಕವಿಯಿದ್ದ. ಮಂತ್ರಿ ತಿರುಮಲಾರ್ಯನ ತಮ್ಮ. ಅವನು ಬರೆದ ‘ಮಿತ್ರವಿಂದಾ ಗೋವಿಂದ’ ಕನ್ನಡದಲ್ಲಿ ನಮಗೆ ಉಳಿದಿರುವ ಮೊದಲ ನಾಟಕ. ಆದರೆ ಅದರ ಮೂಲ ಏಳನೆಯ ಶತಮಾನದ ಶ್ರೀಹರ್ಷನ ‘ರತ್ನಾವಳಿ’. ಅಂದರೆ ನಮ್ಮ ನಾಟಕ ಸಾಹಿತ್ಯದ ಬಾಗಿಲು ತೆರೆದದ್ದೇ ಇನ್ನೊಂದು ಭಾಷೆಯ ನಾಟಕದ ಓದಿನಿಂದ.

ಸಿಂಗರಾರ್ಯ ಓದಿದ ಬಗೆ ಹೇಗೆ? ವತ್ಸರಾಜ ಉದಯನನಿದ್ದ ಜಾಗದಲ್ಲಿ ಶ್ರೀಕೃಷ್ಣನನ್ನು ತಂದ. ರತ್ನಾವಳಿಯ ಜಾಗದಲ್ಲಿ ಮಿತ್ರವಿಂದೆಯನ್ನು. ಅರಮನೆಯ ಗುಟ್ಟಿನ ಪ್ರಣಯ ಭಗವಂತನ ಲೀಲೆಯಾಯಿತು. ಶ್ರೀವೈಷ್ಣವ ಕವಿಗೆ ಇದು ಸಹಜವಾದ ಮಾರ್ಗ. ಅನ್ಯವಾದದ್ದನ್ನು ತನ್ನ ದೇವರ ಮನೆಯೊಳಕ್ಕೆ ಕರೆದುಕೊಂಡರೆ ಅದು ಅನ್ಯವಾಗಿ ಉಳಿಯುವುದಿಲ್ಲ. ಈ ಮಾರ್ಗದ ಸೊಗಸು ಅದರ ಸಲೀಸಿನಲ್ಲಿದೆ, ಕೊರತೆಯೂ ಅಲ್ಲೇ ಇದೆ. ಹೊಸ ಹೆಂಡತಿಯನ್ನು ಗುಟ್ಟಾಗಿ ಅರಸುವ ಮನುಷ್ಯ ರಾಜನ ಬಗ್ಗೆ ನಮಗೆ ಏಳಬಹುದಾದ ಸಣ್ಣ ಸಂಶಯ, ನಾಯಕನು ಗೋವಿಂದನಾದ ಕೂಡಲೇ ಕರಗಿಹೋಗುತ್ತದೆ. ಎಲ್ಲವೂ ಒಗ್ಗಿತು, ಪ್ರಶ್ನೆ ಯಾವುದೂ ಉಳಿಯಲಿಲ್ಲ.

ಇಲ್ಲಿಂದ ಎರಡೂವರೆ ಶತಮಾನ ದಾಟಿ ನಾಗಮಂಗಲ ತಾಲ್ಲೂಕಿನ ಬೆಳ್ಳೂರಿಗೆ ಬರೋಣ. ಬಿ. ಎಂ. ಶ್ರೀಕಂಠಯ್ಯನವರ (೧೮೮೪–೧೯೪೬) ಹೆಸರಿನ ಮೊದಲ ಅಕ್ಷರ ಈ ಬೆಳ್ಳೂರು. ಕನ್ನಡಿಗರು ಅವರನ್ನು ‘ಇಂಗ್ಲಿಷ್ ಗೀತಗಳು’ ಮೂಲಕ ಬಲ್ಲರು. ನನಗೆ ಅವರು ಅದಕ್ಕಿಂತ ದೊಡ್ಡವರಾಗಿ ಕಾಣುವುದು ಗ್ರೀಕ್ ನಾಟಕದ ಎದುರು ಕುಳಿತಾಗ.

ಆ ಕಾಲಕ್ಕೆ ವಿದ್ಯಾವಂತರನ್ನು ಕಾಡುತ್ತಿದ್ದ ಮಾತೊಂದಿತ್ತು: ಸಂಸ್ಕೃತದಲ್ಲಿ ಟ್ರಾಜೆಡಿ ಇಲ್ಲ. ನಾಯಕನ ಸಾವನ್ನು ರಂಗದ ಮೇಲೆ ತರಬಾರದೆಂದು ನಮ್ಮ ನಾಟ್ಯಶಾಸ್ತ್ರಜ್ಞರು ವಿಧಿಸಿದ್ದರು. ೧೯೧೨ರಲ್ಲಿ ತಿರುವನಂತಪುರದಲ್ಲಿ ಭಾಸನ ಹೆಸರಿನ ನಾಟಕಗಳು ಅಚ್ಚಾದಾಗ ‘ಊರುಭಂಗ’ದಲ್ಲಿ ದುರ್ಯೋಧನ ರಂಗದ ಮೇಲೆಯೇ ಸಾಯುವುದನ್ನು ಕಂಡು ಕೆಲವರಿಗೆ ಸಮಾಧಾನವಾಯಿತು. ಶ್ರೀಯವರು ಇಲ್ಲದ್ದಕ್ಕೆ ಕೊರಗುತ್ತಲೂ ಇದ್ದದ್ದಕ್ಕೆ ಹಿಗ್ಗುತ್ತಲೂ ಕೂಡಲಿಲ್ಲ. ಗ್ರೀಕರಿಂದ ಕಲಿತ ಕಣ್ಣಿನಿಂದ ನಮ್ಮ ಕಾವ್ಯಗಳನ್ನೇ ಮತ್ತೆ ಓದಿದರು. ರನ್ನನ ಕಾವ್ಯದಿಂದ ೧೯೨೬ರಲ್ಲಿ ‘ಗದಾಯುದ್ಧ ನಾಟಕಂ’ ಹೊರಟಿತು. ರನ್ನ ತನ್ನ ದೊರೆಯನ್ನು ಭೀಮನಿಗೆ ಹೋಲಿಸಿ ಬರೆದ ಕಾವ್ಯದಲ್ಲಿ ದುರ್ಯೋಧನನೇ ನಮ್ಮ ಮನಸ್ಸನ್ನು ಸೆಳೆಯುವುದನ್ನು ಈ ನಾಟಕ ಎತ್ತಿ ತೋರಿಸಿತು. ನಾಗಚಂದ್ರನ ಜೈನ ರಾಮಾಯಣದ ರಾವಣನನ್ನು ಕುರಿತು ಶ್ರೀಯವರು ಇಂಗ್ಲಿಷಿನಲ್ಲಿ ಬರೆದ ಲೇಖನ ಅವನನ್ನು ದುರಂತ ನಾಯಕನೆಂದೇ ಕರೆಯಿತು.

ಈ ರಾವಣನ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ನಾಗಚಂದ್ರನ ರಾವಣ ಒಲ್ಲದ ಪರಸ್ತ್ರೀಯನ್ನು ಮುಟ್ಟುವುದಿಲ್ಲವೆಂಬ ವ್ರತ ತೊಟ್ಟವನು. ಸೀತೆಯನ್ನು ಕಂಡು ಸೋತು ಜಾರುತ್ತಾನೆ. ಕೊನೆಗೆ ಪಶ್ಚಾತ್ತಾಪಪಟ್ಟು ಅವಳನ್ನು ಒಪ್ಪಿಸಲು ನಿಶ್ಚಯಿಸುತ್ತಾನೆ. ಆದರೆ ಹೆದರಿ ಒಪ್ಪಿಸಿದನೆಂದು ಲೋಕ ಆಡಿಕೊಳ್ಳಬಾರದು. ರಾಮಲಕ್ಷ್ಮಣರನ್ನು ಯುದ್ಧದಲ್ಲಿ ಗೆದ್ದು ಅನಂತರ ಒಪ್ಪಿಸುವೆನೆನ್ನುತ್ತಾನೆ. ಆ ಅಭಿಮಾನವೇ ಅವನನ್ನು ಲಕ್ಷ್ಮಣನ ಕೈಯಲ್ಲಿ ಕೊಲ್ಲಿಸುತ್ತದೆ. ಗ್ರೀಕ್ ನಾಟಕ ಓದಿದವನಿಗೆ ಇಲ್ಲಿ ಮೈ ಜುಮ್ಮೆನ್ನುವುದು ಸಹಜ. ಶತಮಾನಗಳಿಂದ ನಮ್ಮ ಮನೆಯಲ್ಲಿದ್ದ ಕಾವ್ಯಕ್ಕೆ ಹೊರಗಿನ ದೀಪ ಹಿಡಿದಾಗ ಹೊಸದೊಂದು ಮುಖ ಕಂಡಿತು.

ಆದರೆ ದೀಪದ ಬೆಳಕು ಎಲ್ಲ ಮೂಲೆಗೂ ಬೀಳುವುದಿಲ್ಲ. ಗ್ರೀಕ್ ದುರಂತದಲ್ಲಿ ಸತ್ತವನು ಸತ್ತ, ಕಥೆ ಮುಗಿಯಿತು. ಜೈನ ಪುರಾಣಗಳ ಲೆಕ್ಕದಲ್ಲಿ ಸಾವು ಕರ್ಮದ ಒಂದು ತಿರುವು ಮಾತ್ರ. ಅದೇ ರಾವಣ ನರಕವನ್ನು ಕಂಡು, ಜನ್ಮಗಳನ್ನು ದಾಟಿ, ಮುಂದೊಂದು ದಿನ ತೀರ್ಥಂಕರನಾಗುವವನು. ಹಾಗಾದರೆ ಅವನ ಕಥೆ ದುರಂತವೋ, ದೀರ್ಘ ಪ್ರಯಾಣದ ಒಂದು ಕತ್ತಲೆಯ ಮಜಲೋ? ಶ್ರೀಯವರ ಓದನ್ನು ತಳ್ಳಿಹಾಕಲು ನಾನು ಇದನ್ನು ಹೇಳುತ್ತಿಲ್ಲ. ಅವರ ಓದು ಇಲ್ಲದಿದ್ದರೆ ಈ ಪ್ರಶ್ನೆಯೇ ನಮಗೆ ಹೊಳೆಯುತ್ತಿರಲಿಲ್ಲ.

೧೯೨೯ರ ‘ಅಶ್ವತ್ಥಾಮನ್’ ನಾಟಕದಲ್ಲಿ ಈ ಒಗ್ಗದ ಮಾತು ಇನ್ನೂ ಎದ್ದು ಕಾಣುತ್ತದೆ. ಸೊಫೊಕ್ಲೀಸನ ಏಜಾಕ್ಸ್ ಅವಮಾನಕ್ಕೊಳಗಾದ ವೀರ. ತನ್ನ ಪಕ್ಷದ ನಾಯಕರನ್ನೇ ಕೊಲ್ಲಲು ರಾತ್ರಿ ಹೊರಟವನು ದೇವತೆ ತಂದ ಭ್ರಾಂತಿಯಲ್ಲಿ ದನಕುರಿಗಳನ್ನು ಕಡಿದು, ಬೆಳಗ್ಗೆ ನಾಚಿಕೆಯಿಂದ ತನ್ನ ಕತ್ತಿಯ ಮೇಲೆ ಬಿದ್ದು ಸಾಯುತ್ತಾನೆ. ಶ್ರೀಯವರು ಇದನ್ನು ಓದುವಾಗ ಅವರ ಕಿವಿಯಲ್ಲಿ ಮಹಾಭಾರತದ ಸೌಪ್ತಿಕ ಪರ್ವ ಮಾರ್ದನಿಗೊಟ್ಟಿರಬೇಕು. ಅಲ್ಲಿಯೂ ರಾತ್ರಿ, ಪಾಳೆಯ, ಮಲಗಿದವರ ಕೊಲೆ. ಗ್ರೀಕ್ ವೀರ ದ್ರೋಣಪುತ್ರನಾದ. ಆದರೆ ನಾಟಕದ ಕೊನೆಗೆ ಅವನು ಸಾಯಲೇಬೇಕು. ನಮ್ಮ ಅಶ್ವತ್ಥಾಮನಾದರೋ ಸಾಯಲಾರ. ಏಳು ಚಿರಂಜೀವಿಗಳ ಪಟ್ಟಿಯಲ್ಲಿ ಮೊದಲ ಹೆಸರೇ ಅವನದು.

ನಮ್ಮ ಮನೆಯ ಹಿರಿಯರೊಬ್ಬರಿಗೆ ಒಮ್ಮೆ ಈ ನಾಟಕದ ಕಥೆ ಹೇಳಿದೆ. ಎಲ್ಲವನ್ನೂ ತಲೆದೂಗುತ್ತ ಕೇಳಿದವರು ಕೊನೆಗೆ, “ಅದು ಹೇಗಪ್ಪಾ, ಅವನು ಸತ್ತುಹೋದರೆ ಶಾಪ ಅನುಭವಿಸುವವರು ಯಾರು?” ಎಂದರು. ಸಾಹಿತ್ಯ ವಿಮರ್ಶೆಯ ಪುಸ್ತಕ ಯಾವುದನ್ನೂ ಅವರು ಓದಿರಲಿಲ್ಲ. ಆದರೆ ಎರಡು ಸಂಸ್ಕೃತಿಗಳ ಬೆಸುಗೆ ಎಲ್ಲಿ ಬಿಟ್ಟಿದೆಯೋ ಅಲ್ಲಿಯೇ ಬೆರಳಿಟ್ಟರು. ಗ್ರೀಕನಿಗೆ ಸಾವು ಅತ್ಯಂತ ಘೋರ. ಮಾನ ಕಳೆದುಕೊಂಡವನಿಗೆ ಮಾತ್ರ ಅದೇ ಬಿಡುಗಡೆ. ವ್ಯಾಸರ ಕಲ್ಪನೆಯಲ್ಲಿ ಸಾಯಲಾಗದಿರುವುದೇ ಘೋರ; ಅಶ್ವತ್ಥಾಮನಿಗೆ ಕೃಷ್ಣ ಕೊಟ್ಟ ಶಾಪ ಮೂರು ಸಾವಿರ ವರ್ಷದ ಬದುಕು. ಒಗ್ಗದ ಈ ಒಂದು ಅಂಶದಿಂದ ಎರಡು ನಾಗರಿಕತೆಗಳು ಪಾಪ ಮತ್ತು ಶಿಕ್ಷೆಯನ್ನು ಕುರಿತು ಏನೆಂದುಕೊಂಡಿದ್ದವೆಂಬುದು ತಿಳಿಯುತ್ತದೆ. ಎಲ್ಲವೂ ಸಲೀಸಾಗಿ ಒಗ್ಗಿದ್ದರೆ ತಿಳಿಯುತ್ತಿರಲಿಲ್ಲ.

ನಾಗಮಂಗಲದಿಂದ ದಕ್ಷಿಣಕ್ಕೆ ಬಂದರೆ ಪಾಂಡವಪುರದ ಸೀಮೆ. ಹಿರೋಡೆ ಎಂಬ ಆ ಊರು, ಹೈದರ್-ಟಿಪ್ಪು ಕಾಲದ ಫ್ರೆಂಚ್ ಸಿಪಾಯಿಗಳ ಪಾಳೆಯದಿಂದ ಫ್ರೆಂಚ್ ರಾಕ್ಸ್ ಎನ್ನಿಸಿಕೊಂಡು, ಆಮೇಲೆ ಪಾಂಡವಪುರವಾಯಿತು. ಈ ತಾಲ್ಲೂಕಿನ ಮೇಲುಕೋಟೆಯಲ್ಲಿ ೧೯೦೫ರಲ್ಲಿ ಹುಟ್ಟಿದವರು ಪು. ತಿ. ನರಸಿಂಹಾಚಾರ್ಯರು. ಶ್ರೀಯವರ ದಾರಿಗೆ ಇವರದು ಬೇರೆಯೇ ಉತ್ತರ.

೧೯೪೧ರ ‘ಅಹಲ್ಯೆ’, ೧೯೪೫ರ ‘ಗೋಕುಲ ನಿರ್ಗಮನ’ ಇವೆರಡೂ ಗೀತನಾಟಕಗಳು. ನಾಟಕವೇ ಹಾಡಾಗಿ ಸಾಗುತ್ತದೆಂದಾಗ ಪಶ್ಚಿಮದ ಆಪೆರಾ ನೆನಪಾಗಬಹುದು. ಆದರೆ ಒಳಗಿನ ತಿರುಳು ಬೇರೆ. ಅಹಲ್ಯೆಯ ಕಥೆಯಲ್ಲಿ ಕಾಮ, ವಂಚನೆ, ಶಾಪ ಎಲ್ಲವೂ ಇವೆ; ದುರಂತಕ್ಕೆ ಬೇಕಾದ ಸಾಮಗ್ರಿ ಪೂರ್ಣವಾಗಿದೆ. ಆದರೂ ಕಥೆ ಕಲ್ಲಿನಲ್ಲಿ ನಿಲ್ಲದೆ ರಾಮನ ಬರವಿನವರೆಗೆ ಸಾಗುತ್ತದೆ. ಪುತಿನ ಅವರು ಕವಿಗೆ ಎರಡು ಶಕ್ತಿ ಬೇಕೆನ್ನುತ್ತಿದ್ದರು: ಭವನಿಮಜ್ಜನ ಚಾತುರ್ಯ ಮತ್ತು ಲಘಿಮಾ ಕೌಶಲ. ಲೋಕದ ಅನುಭವದಲ್ಲಿ ಪೂರ್ತಿ ಮುಳುಗುವ ಜಾಣ್ಮೆ ಒಂದು; ಮುಳುಗಿಯೂ ಹಗುರವಾಗಿ ಮೇಲೇಳುವ ಜಾಣ್ಮೆ ಇನ್ನೊಂದು.

ಈ ಮಾತನ್ನು ನಾನು ಓದುಗನಿಗೂ ಅನ್ವಯಿಸುತ್ತೇನೆ. ಈ ಅಳತೆಗೋಲನ್ನು ಹಿಡಿದು ಗ್ರೀಕರತ್ತ ತಿರುಗಿದರೆ ಪ್ರಶ್ನೆ ತಲೆಕೆಳಗಾಗುತ್ತದೆ. “ನಮ್ಮಲ್ಲಿ ಟ್ರಾಜೆಡಿ ಏಕಿಲ್ಲ?” ಎಂಬುದು ಹೋಗಿ, “ಏಜಾಕ್ಸನ ಸಾವನ್ನು ನೋಡಿದ ಅಥೆನ್ಸಿನವನು ಹಗುರವಾಗಿ ಮೇಲೆದ್ದದ್ದು ಹೇಗೆ?” ಎಂದು ಕೇಳಬೇಕಾಗುತ್ತದೆ. ಪ್ರಶ್ನೆ ಎರಡು ಕಡೆಯಿಂದಲೂ ಹೊರಟಾಗ ಮಾತ್ರ ತೌಲನಿಕ ಓದು ನ್ಯಾಯವಾದದ್ದು. ಒಂದೇ ಕಡೆಯವರು ಕೇಳುತ್ತ, ಇನ್ನೊಂದು ಕಡೆಯವರು ಉತ್ತರಿಸುತ್ತ ಹೋದರೆ ಅದು ವಿಚಾರಣೆ.

ಕೃಷ್ಣರಾಜಪೇಟೆ ತಾಲ್ಲೂಕು ಇಬ್ಬರನ್ನು ಕೊಟ್ಟಿದೆ. ಹೇಮಾವತಿಯ ದಡದ ಅಕ್ಕಿಹೆಬ್ಬಾಳಿನ ಎ. ಎನ್. ಮೂರ್ತಿರಾಯರು (೧೯೦೦–೨೦೦೩) ಷೇಕ್ಸ್‌ಪಿಯರನನ್ನು ಇಂಗ್ಲಿಷ್ ಬಾರದ ಕನ್ನಡಿಗನಿಗೆ ಕನ್ನಡದಲ್ಲೇ ಬಿಡಿಸಿ ಹೇಳಿದರು. ‘ಟೆಂಪೆಸ್ಟ್’ ನಾಟಕವನ್ನು ‘ಚಂಡಮಾರುತ’ವಾಗಿ ತಂದರು. ಫ್ರಾನ್ಸಿನ ಮೋಲಿಯೇರನ ‘ತಾರ್ತೂಫ್’ ಅವರ ಕೈಯಲ್ಲಿ ‘ಆಷಾಢಭೂತಿ’ಯಾಯಿತು. ಹೆಸರು ಎಷ್ಟು ಚೆನ್ನಾಗಿ ಒಗ್ಗಿದೆ! ಪಂಚತಂತ್ರದ ಆಷಾಢಭೂತಿ ಶಿಷ್ಯನ ವೇಷದಲ್ಲಿ ಬಂದು ಸನ್ಯಾಸಿಯ ಹಣ ಕದ್ದವನು. ಸೋಗಲಾಡಿಗೆ ನಾವಿಟ್ಟಿರುವ ಹೆಸರೇ ಅದು. ಆದರೂ ಒಂದು ಅಂಶ ಉಳಿಯುತ್ತದೆ. ಪಂಚತಂತ್ರದ ಕಥೆ ನಗುವುದು ಮೋಸಹೋದ ಗುರುವನ್ನು ನೋಡಿ; ಅದರಿಂದ ಯಾರಿಗೂ ಅಪಾಯವಿಲ್ಲ. ಮೋಲಿಯೇರನ ನಾಟಕ ೧೬೬೪ರಲ್ಲಿ ಧಾರ್ಮಿಕರನ್ನು ಕೆರಳಿಸಿ, ೧೬೬೯ರವರೆಗೆ ಸಾರ್ವಜನಿಕ ರಂಗಭೂಮಿಗೆ ನಿರಾತಂಕವಾಗಿ ಬರಲಾಗಲಿಲ್ಲ. ಹೆಸರು ದಾಟಿ ಬಂತು, ಅಪಾಯ ದಾಟಿ ಬರಲಿಲ್ಲ. ಆ ಅಪಾಯವನ್ನು ಓದುಗನಿಗೆ ತಿಳಿಸುವುದು ವಿಮರ್ಶಕನ ಕೆಲಸ.

ಕಿಕ್ಕೇರಿಯ ಕೆ. ಎಸ್. ನರಸಿಂಹಸ್ವಾಮಿಯವರು ಸ್ಕಾಟ್ಲೆಂಡಿನ ರಾಬರ್ಟ್ ಬರ್ನ್ಸ್‌ನ ಪ್ರೇಮಗೀತೆಗಳನ್ನು ಕನ್ನಡಿಸಿದರು. ಬರ್ನ್ಸ್‌ನ ಪ್ರೇಮಿಗಳು ಹೆಚ್ಚಾಗಿ ಮದುವೆಯ ಹೊಸಿಲಿನ ಆಚೆ ನಿಂತವರು. ೧೯೪೨ರ ‘ಮೈಸೂರು ಮಲ್ಲಿಗೆ’ಯ ಪ್ರೀತಿಯಾದರೋ ಮಾವನ ಮನೆ, ತವರು, ಸೀಮಂತಗಳ ನಡುವೆ ಅರಳುವ ದಾಂಪತ್ಯ. ಬರ್ನ್ಸ್‌ನನ್ನು ಮೆಚ್ಚಿದ ಕವಿ ಅವನ ಲೋಕವನ್ನು ಎರವಲು ತರಲಿಲ್ಲ. ತನ್ನ ಊರಿನಲ್ಲಿ ಪ್ರೀತಿಗೆ ಎಡೆ ಎಲ್ಲಿದೆಯೆಂದು ನೋಡಿದರು.

ಇಷ್ಟರವರೆಗೆ ನಾವು ಅನ್ಯರನ್ನು ಓದಿದ ಕಥೆ. ಅನ್ಯರು ನಮ್ಮನ್ನು ಬರೆದದ್ದನ್ನು ಓದುವುದು ಹೇಗೆ? ಅದಕ್ಕೆ ಮತ್ತೆ ಶ್ರೀರಂಗಪಟ್ಟಣಕ್ಕೇ ಹೋಗಬೇಕು. ಇಂಗ್ಲಿಷ್ ಪತ್ತೇದಾರಿ ಕಾದಂಬರಿಯ ಆದಿಯಲ್ಲಿ ನಿಲ್ಲುವ, ವಿಲ್ಕಿ ಕಾಲಿನ್ಸ್‌ನ ‘ದಿ ಮೂನ್‌ಸ್ಟೋನ್’ (೧೮೬೮) ಆರಂಭವಾಗುವುದು ೧೭೯೯ರ ಮೇ ೪ರಂದು ಕೋಟೆ ಬಿದ್ದ ದಿನದಿಂದ. ಇಂಗ್ಲಿಷ್ ಅಧಿಕಾರಿಯೊಬ್ಬ ಕಾವಲಿನವರನ್ನು ಕೊಂದು ವಜ್ರ ದೋಚುತ್ತಾನೆ. ಮುಂದೆ ಇಂಗ್ಲೆಂಡಿನ ಮನೆಯೊಂದರಲ್ಲಿ ವಜ್ರ ಕಾಣೆಯಾದಾಗ ಅನುಮಾನವೆಲ್ಲ ಅದನ್ನರಸಿ ಬಂದ ಮೂವರು ಬ್ರಾಹ್ಮಣರ ಮೇಲೆ. ಕಳ್ಳನಾಗಿ ಹೊರಬೀಳುವವನು ಪರೋಪಕಾರಿಯೆಂದು ಹೆಸರಾದ ಇಂಗ್ಲಿಷಿನವನೇ. ಭಾರತಕ್ಕೆ ಕಾಲಿಡದ ಲೇಖಕನಲ್ಲಿ, ೧೮೫೭ರ ಕಹಿ ಆರುವ ಮುನ್ನ, ಇಷ್ಟು ನ್ಯಾಯಬುದ್ಧಿ ಇದ್ದದ್ದು ದೊಡ್ಡದು. ಅದನ್ನು ಒಪ್ಪಿಕೊಂಡೇ ನಾನು ಕೇಳುತ್ತೇನೆ: ಆ ದಿನ ಕೋಟೆಯೊಳಗೆ ಸತ್ತ ಸಾವಿರಾರು ಜನ ಈ ಕಾದಂಬರಿಯಲ್ಲಿ ಎಲ್ಲಿ? ಅವರಿಗೆ ಹೆಸರಿಲ್ಲ, ಮಾತಿಲ್ಲ. ಊರು ಕಥೆಗೆ ಬಾಗಿಲು ಮಾತ್ರ, ಮನೆಯಲ್ಲ.

ಹೀಗಲ್ಲದೆ ಬರೆಯಲು ಸಾಧ್ಯವೇ ಎಂಬುದಕ್ಕೆ ಉತ್ತರ ಶ್ರೀಯವರು ೧೯೩೫ರಲ್ಲಿ ಕನ್ನಡಕ್ಕೆ ತಂದ ‘ಪಾರಸಿಕರು’. ಕ್ರಿ.ಪೂ. ೪೮೦ರಲ್ಲಿ ಗ್ರೀಕರು ಸಲಾಮಿಸ್ಸಿನಲ್ಲಿ ಪಾರಸಿಕರನ್ನು ಸೋಲಿಸಿದರು. ಎಂಟು ವರ್ಷದ ತರುವಾಯ ಈಸ್ಕಿಲಸ್ ಗೆದ್ದವರ ಊರಿನಲ್ಲಿಯೇ, ಗೆದ್ದವರ ಎದುರಿನಲ್ಲಿಯೇ, ಸೋತವರ ಅರಮನೆಯ ಅಳುವನ್ನು ನಾಟಕವಾಗಿ ಆಡಿಸಿದ. ಏಜಾಕ್ಸನಿಗೆ ಅಶ್ವತ್ಥಾಮನ ಹೆಸರಿಟ್ಟ ಶ್ರೀಯವರು ಪಾರಸಿಕರನ್ನು ಕೌರವರನ್ನಾಗಿ ಮಾಡಲಿಲ್ಲ, ಪಾರಸಿಕರಾಗಿಯೇ ಬಿಟ್ಟರು. ಆರು ವರ್ಷದಲ್ಲಿ ಒಬ್ಬನೇ ಓದುಗ ಎರಡು ಮಾರ್ಗ ಹಿಡಿದದ್ದು ನನಗೆ ಅಸಂಗತವಾಗಿ ತೋರುವುದಿಲ್ಲ. ಕೆಲವು ಅತಿಥಿಗಳಿಗೆ ನಮ್ಮ ಪಂಚೆ ಉಡಿಸಬಹುದು. ಕೆಲವರನ್ನು ಅವರ ಉಡುಪಿನಲ್ಲಿಯೇ ಕೂರಿಸಿ ಮಾತಿಗೆ ಕಿವಿಗೊಡಬೇಕು. ಯಾರನ್ನು ಹೇಗೆ ಎಂದು ತಿಳಿಯುವುದೇ ವಿಮರ್ಶೆಯ ವಿವೇಕ.

ಇಂದು ಜಗತ್ತಿನ ಮೂಲೆಮೂಲೆಯ ಪುಸ್ತಕಗಳು ನಮ್ಮ ಕೈಗೆ ಸಿಗುತ್ತವೆ. ಅವುಗಳೊಡನೆ ಸಿದ್ಧ ಸಿದ್ಧಾಂತಗಳೂ ಬರುತ್ತವೆ. ಸಿದ್ಧಾಂತ ಬೇಡವೆಂದು ನಾನು ಹೇಳುವುದಿಲ್ಲ. ಶ್ರೀಯವರ ಕೈಯಲ್ಲಿದ್ದ ಗ್ರೀಕ್ ದೀಪವೂ ಸಿದ್ಧಾಂತವೇ. ಆದರೆ ಪರದೇಶದ ಪುಸ್ತಕವೊಂದನ್ನು ಮುಗಿಸಿದ ಮೇಲೆ ನಮ್ಮಂತೆಯೇ ಇದ್ದದ್ದು ಯಾವುದೆಂದು ಪಟ್ಟಿ ಮಾಡಿ ಸಂತೋಷಪಡುವುದು ಅರ್ಧ ಓದು. ನಮ್ಮ ಅಳತೆಗೆ ಒಗ್ಗದೆ ಮೊಂಡುಹಿಡಿದು ಉಳಿದದ್ದು ಯಾವುದು, ಅದರ ಎದುರು ನಮ್ಮ ಅಳತೆಗೋಲು ಎಲ್ಲಿ ಗಿಡ್ಡವಾಯಿತು ಎಂದು ನೋಡಿಕೊಂಡಾಗಲೇ ಉಳಿದರ್ಧ. ಸಾಯಲಾರದವನು ಸತ್ತದ್ದು ಹೇಗೆ ಎಂದು ಕೇಳುವವರು ಮನೆಯಲ್ಲಿ ಇರುವಷ್ಟು ದಿನ ಆ ಉಳಿದರ್ಧದ ಬಗ್ಗೆ ನಮಗೆ ಚಿಂತೆಯಿಲ್ಲ.