ರಸ್ತೆ ತಡೆದರೆ ನ್ಯಾಯ ದೊರೆಯುತ್ತದೆಯೇ?



ಅಮೆರಿಕದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಇಬ್ಬರು ಒಂದೇ ವಿಷಯದ ಬಗ್ಗೆ ಪರಸ್ಪರ ವಿರುದ್ಧವಾದ ಅಭಿಪ್ರಾಯಗಳನ್ನು ಬರೆದು ಕಳುಹಿಸಿದ್ದಾರೆ. ಕಪ್ಪು ಜನರಿಗೆ ನ್ಯಾಯ ಬೇಕೆಂದು ಹೆದ್ದಾರಿಗೆ ಅಡ್ಡಲಾಗಿ ಕೂರುವವರು ತಮ್ಮ ಉದ್ದೇಶಕ್ಕೆ ತಾವೇ ಕೊಡಲಿ ಪೆಟ್ಟು ಹಾಕಿಕೊಳ್ಳುತ್ತಾರೆ ಎಂಬುದು ಒಬ್ಬನ ವಾದ. ಅವರು ರಸ್ತೆಗೆ ಇಳಿಯದಿದ್ದರೆ ಅವರ ಅಳಲನ್ನು ಕೇಳುವವರೇ ಇರುತ್ತಿರಲಿಲ್ಲ ಎಂಬುದು ಇನ್ನೊಬ್ಬಳ ವಾದ. "ಮೇಷ್ಟ್ರೇ, ನೀವೇ ತೀರ್ಪು ಹೇಳಿ" ಎಂದಿದ್ದಾರೆ. ತೀರ್ಪು ಹೇಳುವುದು ನ್ಯಾಯಾಧೀಶರ ಕೆಲಸ. ಕಾರಣ ಮತ್ತು ಪರಿಣಾಮಗಳನ್ನು ಬಿಡಿಸಿ ನೋಡುವುದು ಸಮಾಜ ವಿಜ್ಞಾನದ ಮೇಷ್ಟ್ರ ಕೆಲಸ. ಅಷ್ಟನ್ನು ಮಾಡಲು ಯತ್ನಿಸುತ್ತೇನೆ.

ಮೊದಲು 1964ರ ನ್ಯೂಯಾರ್ಕ್ ನಗರಕ್ಕೆ ಹೋಗೋಣ. ಆ ವರ್ಷದ ಏಪ್ರಿಲ್ 22ರಂದು ಅಲ್ಲಿ ವಿಶ್ವ ವಸ್ತುಪ್ರದರ್ಶನ ಆರಂಭವಾಗುವುದಿತ್ತು. ಉದ್ಘಾಟನೆಗೆ ಅಧ್ಯಕ್ಷ ಲಿಂಡನ್ ಜಾನ್ಸನ್ ಬರುವವರಿದ್ದರು. ನಾಗರಿಕ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಕೋರ್ ಎಂಬ ಸಂಸ್ಥೆಯ ಬ್ರೂಕ್ಲಿನ್ ಶಾಖೆಯ ಯುವಕರು ಒಂದು ಯೋಜನೆ ಹೂಡಿದರು. ಪ್ರದರ್ಶನಕ್ಕೆ ಹೋಗುವ ಹೆದ್ದಾರಿಗಳಲ್ಲಿ ನೂರಾರು ಕಾರುಗಳು ನಡುದಾರಿಯಲ್ಲಿ ಪೆಟ್ರೋಲ್ ಮುಗಿದು ನಿಂತುಬಿಡಬೇಕು! ಇದನ್ನು 'ಸ್ಟಾಲ್-ಇನ್' ಎಂದು ಕರೆದರು. ಕಟ್ಟಡ ಕಾಮಗಾರಿಗಳಲ್ಲಿ ಕಪ್ಪು ಜನರಿಗೆ ಕೆಲಸ, ವಾಸಯೋಗ್ಯ ಮನೆ, ತಾರತಮ್ಯವಿಲ್ಲದ ಶಾಲೆ, ಪೊಲೀಸ್ ದೌರ್ಜನ್ಯಕ್ಕೆ ಕಡಿವಾಣ ಇವು ಅವರ ಬೇಡಿಕೆಗಳು. ಬೇಡಿಕೆಗಳಲ್ಲಿ ಅನ್ಯಾಯವಾದುದು ಒಂದೂ ಇರಲಿಲ್ಲ.

ಆದರೆ ಊರೆಲ್ಲ ಮಾತನಾಡಿಕೊಂಡದ್ದು ಕಾರುಗಳ ಬಗ್ಗೆಯೇ ಹೊರತು ಮನೆ ಮತ್ತು ಶಾಲೆಗಳ ಬಗ್ಗೆ ಅಲ್ಲ. ಕೋರ್ ಸಂಸ್ಥೆಯ ರಾಷ್ಟ್ರೀಯ ನಾಯಕ ಜೇಮ್ಸ್ ಫಾರ್ಮರ್ ಬ್ರೂಕ್ಲಿನ್ ಶಾಖೆಯನ್ನೇ ಅಮಾನತುಗೊಳಿಸಿದರು. ಮಾರ್ಟಿನ್ ಲೂಥರ್ ಕಿಂಗ್ ಮಾತ್ರ ಬೇರೆ ನಿಲುವು ತಳೆದರು. ಈ ಯೋಜನೆ ತಂತ್ರದ ದೃಷ್ಟಿಯಿಂದ ತಪ್ಪೆಂದು ಒಪ್ಪಿದರೂ ಯುವಕರನ್ನು ಖಂಡಿಸಲು ಅವರು ಸಿದ್ಧರಿರಲಿಲ್ಲ. ಪ್ರದರ್ಶನದ ದಾರಿಯನ್ನು ಕಟ್ಟುವುದು ಹೆಚ್ಚು ಕೆಟ್ಟದ್ದೋ, ಸೆನೆಟ್ ಸಭೆಯಲ್ಲಿ ಮಸೂದೆಯ ದಾರಿಯನ್ನು ಕಟ್ಟುವುದೋ ಎಂಬುದು ಅವರ ಪ್ರಶ್ನೆಯ ಸಾರ. ಆ ದಿನಗಳಲ್ಲಿ ದಕ್ಷಿಣದ ಸೆನೆಟರುಗಳು ನಾಗರಿಕ ಹಕ್ಕುಗಳ ಮಸೂದೆ ಮತಕ್ಕೆ ಬರದಂತೆ ವಾರಗಟ್ಟಲೆ ಭಾಷಣ ಮಾಡುತ್ತ ಕಾಲಹರಣ ಮಾಡುತ್ತಿದ್ದರು.

ಕೊನೆಗೆ ಏಪ್ರಿಲ್ 22ರಂದು ಮಳೆ ಬಂತು, ಪೊಲೀಸರು ಬಂದರು, ಬಂದ ಕಾರುಗಳು ಮಾತ್ರ ಬೆರಳೆಣಿಕೆಯಷ್ಟು. ಯೋಜನೆ ಠುಸ್ಸೆಂದಿತು. ಇತ್ತ ವರ್ಣಭೇದ ನೀತಿಯ ಪ್ರತಿಪಾದಕ, ಅಲಬಾಮಾದ ಗವರ್ನರ್ ಜಾರ್ಜ್ ವಾಲೇಸ್ ಮರುತಿಂಗಳು ಮೇರಿಲ್ಯಾಂಡಿನ ಪ್ರಾಥಮಿಕ ಚುನಾವಣೆಯಲ್ಲಿ ಶೇಕಡ 40ಕ್ಕೂ ಹೆಚ್ಚು ಮತ ಪಡೆದ. ಇದಕ್ಕೆ ಬ್ರೂಕ್ಲಿನ್ನಿನ ಯುವಕರೇ ಕಾರಣರೆನ್ನಲಾಗದು. ಆದರೆ ಬಿಳಿಯರಲ್ಲಿ ಹುಟ್ಟಿದ್ದ ಅಸಮಾಧಾನವೇ ಅವನ ಬಂಡವಾಳವಾಗಿತ್ತೆಂಬುದು ನಿಜ.

ಇಷ್ಟನ್ನೇ ಓದಿದವರು ಮೊದಲ ವಿದ್ಯಾರ್ಥಿಯ ವಾದವೇ ಸರಿ ಎಂದುಬಿಡಬಹುದು. ಸ್ವಲ್ಪ ತಾಳಿ. ಅದೇ 1964ರಲ್ಲಿ ಗ್ಯಾಲಪ್ ಸಂಸ್ಥೆ ಜನಾಭಿಪ್ರಾಯ ಸಂಗ್ರಹಿಸಿತು. ಸಾಮೂಹಿಕ ಪ್ರತಿಭಟನೆಗಳಿಂದ ಕಪ್ಪು ಜನರ ಸಮಾನತೆಯ ಉದ್ದೇಶಕ್ಕೆ ಹಾನಿ ಎಂದವರು ಶೇಕಡ 74, ಸಹಾಯ ಎಂದವರು ಶೇಕಡ 16 ಮಾತ್ರ. ಅದರ ಹಿಂದಿನ ವರ್ಷ ಹಾನಿ ಎಂದವರು ಶೇಕಡ 60 ಇದ್ದರು. ಇಲ್ಲಿ ಕೇಳಿದ್ದು ರಸ್ತೆ ತಡೆಯ ಬಗ್ಗೆ ಮಾತ್ರವಲ್ಲ, ಎಲ್ಲ ಸಾಮೂಹಿಕ ಪ್ರತಿಭಟನೆಗಳ ಬಗ್ಗೆ ಎಂಬುದನ್ನು ಗಮನಿಸಿ. ಇಂದು ನಾವು ಪಠ್ಯಪುಸ್ತಕಗಳಲ್ಲಿ ಕೊಂಡಾಡುವ ಶಾಂತ ಮೆರವಣಿಗೆಗಳೂ ಅಂದು ಬಹುಸಂಖ್ಯಾತರಿಗೆ ಬೇಡವಾಗಿದ್ದವು! ಆದರೂ 1964ರ ಜುಲೈ 2ರಂದು ನಾಗರಿಕ ಹಕ್ಕುಗಳ ಕಾಯಿದೆಗೆ ಅಧ್ಯಕ್ಷರ ಸಹಿ ಬಿತ್ತು. ಆದ್ದರಿಂದ ಪ್ರತಿಭಟನೆಯನ್ನು ಜನ ಮೆಚ್ಚಲಿಲ್ಲ ಎಂಬುದು ಒಂದು ಮಾತು, ಪ್ರತಿಭಟನೆ ಸೋತಿತು ಎಂಬುದು ಬೇರೆಯೇ ಮಾತು. ಇವೆರಡನ್ನು ಕಲಸಬಾರದು.

ಹಾಗಾದರೆ ಗೆಲುವು ಸೋಲುಗಳನ್ನು ನಿರ್ಧರಿಸುವುದು ಯಾವುದು? ಇದಕ್ಕೆ ಉತ್ತರ ಮರುವರ್ಷ, 1965ರಲ್ಲಿ, ಅಲಬಾಮಾ ರಾಜ್ಯದ ಸೆಲ್ಮಾ ಎಂಬ ಸಣ್ಣ ಪಟ್ಟಣದಲ್ಲಿ ದೊರೆಯುತ್ತದೆ. ಆ ಕೌಂಟಿಯಲ್ಲಿ ಮತದಾನದ ವಯಸ್ಸಿನ ಕಪ್ಪು ಜನರು ಸುಮಾರು 15,000 ಇದ್ದರೂ ಮತದಾರರ ಪಟ್ಟಿಯಲ್ಲಿ ಹೆಸರಿದ್ದವರು ಕೆಲವೇ ನೂರು ಮಂದಿ. ಫೆಬ್ರವರಿಯಲ್ಲಿ ಜಿಮ್ಮಿ ಲೀ ಜಾಕ್ಸನ್ ಎಂಬ ತರುಣ ಪೊಲೀಸರ ಗುಂಡಿಗೆ ಬಲಿಯಾದ. ಇದನ್ನು ಪ್ರತಿಭಟಿಸಿ ರಾಜಧಾನಿ ಮಾಂಟ್ಗೊಮೆರಿಯವರೆಗೆ ಸುಮಾರು 87 ಕಿಲೋಮೀಟರ್ ನಡೆದು ಹೋಗಿ ಗವರ್ನರ್ ವಾಲೇಸನ ಮುಂದೆ ಅಹವಾಲು ಇಡುವುದೆಂದು ತೀರ್ಮಾನವಾಯಿತು. ಸಂಚಾರಕ್ಕೂ ವ್ಯಾಪಾರಕ್ಕೂ ಅಡ್ಡಿಯಾಗುತ್ತದೆ ಎಂಬ ಕಾರಣವನ್ನೂ ಮುಂದಿಟ್ಟು ವಾಲೇಸ್ ಈ ನಡಿಗೆಯನ್ನು ನಿಷೇಧಿಸಿದ.

ಮಾರ್ಚ್ 7, ಭಾನುವಾರ. ಸುಮಾರು 600 ಮಂದಿ ಎಡ್ಮಂಡ್ ಪೆಟ್ಟಸ್ ಸೇತುವೆಯನ್ನು ದಾಟಿದರು. ಅವರು ನಡೆದದ್ದು ಸೇತುವೆಯ ಕಾಲುದಾರಿಯ ಮೇಲೆ, ಇಬ್ಬಿಬ್ಬರ ಸಾಲಿನಲ್ಲಿ. ಹೆದ್ದಾರಿಗೆ ಅಡ್ಡಲಾಗಿ ಗೋಡೆಯಂತೆ ನಿಂತಿದ್ದವರು ರಾಜ್ಯದ ಪೊಲೀಸರು! ಅಶ್ರುವಾಯು ಸಿಡಿಯಿತು, ಲಾಠಿಗಳು ಬೀಸಿದವು, ಕುದುರೆಗಳು ಜನರ ಮೇಲೆ ನುಗ್ಗಿದವು. ಯುವನಾಯಕ ಜಾನ್ ಲೂಯಿಸ್ ಅವರ ತಲೆಬುರುಡೆ ಬಿರುಕುಬಿಟ್ಟಿತು. ಆ ರಾತ್ರಿ ಒಂದು ದೂರದರ್ಶನ ವಾಹಿನಿ ನಡೆಯುತ್ತಿದ್ದ ಚಲನಚಿತ್ರವನ್ನು ನಿಲ್ಲಿಸಿ ಈ ದೃಶ್ಯಗಳನ್ನು ತೋರಿಸಿತು. ರಸ್ತೆ ತಡೆದವರು ಯಾರು ಎಂಬುದನ್ನು ದೇಶ ಕಣ್ಣಾರೆ ಕಂಡಿತು. ಅನಂತರದ ಗ್ಯಾಲಪ್ ಸಮೀಕ್ಷೆಯಲ್ಲಿ ಪ್ರತಿಭಟನಕಾರರ ಪರ ಶೇಕಡ 48, ಅಲಬಾಮಾ ಸರ್ಕಾರದ ಪರ ಶೇಕಡ 21. ಒಂದೇ ವರ್ಷದಲ್ಲಿ ಗಾಳಿ ಹೀಗೆ ತಿರುಗಿತ್ತು.

ಮೆರವಣಿಗೆಗೆ ಅನುಮತಿ ಕೊಡಬೇಕೇ ಎಂಬ ಪ್ರಶ್ನೆ ನ್ಯಾಯಾಧೀಶ ಫ್ರಾಂಕ್ ಜಾನ್ಸನ್ ಅವರ ಮುಂದೆ ಬಂತು. ಮಾರ್ಚ್ 17ರಂದು ಅವರು ಕೊಟ್ಟ ತೀರ್ಪನ್ನು ನೀವೆಲ್ಲ ನೆನಪಿಡಬೇಕು. ಹೆದ್ದಾರಿಯಲ್ಲಿ ಶಾಂತಿಯುತವಾಗಿ ಸಾಗುವ ಹಕ್ಕಿನ ವ್ಯಾಪ್ತಿಯನ್ನು, ಆ ಜನ ಪ್ರತಿಭಟಿಸುತ್ತಿರುವ ಅನ್ಯಾಯದ ಗಾತ್ರಕ್ಕೆ ತಕ್ಕಂತೆ ಅಳೆಯಬೇಕು ಎಂಬುದು ಅದರ ತಿರುಳು. ಜೊತೆಗೆ ರಸ್ತೆ ಎರಡೇ ಪಥಗಳಿಗೆ ಕಿರಿದಾಗುವ ಕಡೆ 300ಕ್ಕಿಂತ ಹೆಚ್ಚು ಮಂದಿ ನಡೆಯುವಂತಿಲ್ಲ ಎಂಬ ಷರತ್ತೂ ಇತ್ತು. ಮಾರ್ಚ್ 21ರಂದು ಹೊರಟ ಮೆರವಣಿಗೆ 25ರಂದು ರಾಜಧಾನಿ ತಲುಪಿದಾಗ ಸುಮಾರು 25,000 ಜನ ಸೇರಿದ್ದರು. ಅದೇ ರಾತ್ರಿ, ಅದೇ ಹೆದ್ದಾರಿಯಲ್ಲಿ, ಪಾದಯಾತ್ರಿಗಳನ್ನು ಕಾರಿನಲ್ಲಿ ಊರು ಸೇರಿಸುತ್ತಿದ್ದ ವಯೋಲಾ ಲಿಯುಝೋ ಎಂಬ ಮಹಿಳೆಯನ್ನು ಕ್ಲಾನ್ ಗುಂಪಿನವರು ಗುಂಡಿಟ್ಟು ಕೊಂದರು. ಆಗಸ್ಟ್ 6ರಂದು ಮತದಾನದ ಹಕ್ಕಿನ ಕಾಯಿದೆ ಬಂತು.

ನ್ಯೂಯಾರ್ಕಿಗೂ ಸೆಲ್ಮಾಕ್ಕೂ ಇರುವ ವ್ಯತ್ಯಾಸ ಧೈರ್ಯದಲ್ಲಿ ಇಲ್ಲ, ಬೇಡಿಕೆಯ ನ್ಯಾಯದಲ್ಲೂ ಇಲ್ಲ. ಸೆಲ್ಮಾದಲ್ಲಿ ರಸ್ತೆ ಅನ್ಯಾಯ ಮಾಡಿದವನ ಬಾಗಿಲಿಗೇ ಹೋಗುತ್ತಿತ್ತು, ಆದ್ದರಿಂದ ನೋಡುವವನ ಕಣ್ಣು ಅನ್ಯಾಯದ ಮೇಲೆ ಬಿತ್ತು. ನ್ಯೂಯಾರ್ಕಿನಲ್ಲಿ ಹೆಂಡತಿ ಮಕ್ಕಳೊಂದಿಗೆ ಹೊರಟ ಸಾಮಾನ್ಯನ ಕಾರು ನಿಲ್ಲಬೇಕಿತ್ತು, ಆದ್ದರಿಂದ ಅವನ ಕಣ್ಣು ತನ್ನ ಕೈಗಡಿಯಾರದ ಮೇಲೆಯೇ ಇತ್ತು.

ಈಗ ನಮ್ಮ ಕಾಲಕ್ಕೆ ಬರೋಣ. 2016ರ ಜುಲೈನಲ್ಲಿ ಮಿನ್ನೆಸೋಟಾ ರಾಜ್ಯದಲ್ಲಿ ಫಿಲಾಂಡೊ ಕಸ್ಟೀಲ್ ಎಂಬ, ಶಾಲೆಯ ಊಟದ ಮನೆಯ ಮೇಲ್ವಿಚಾರಕರೊಬ್ಬರನ್ನು ಪೊಲೀಸ್ ಅಧಿಕಾರಿ ಕಾರು ತಡೆದು ಗುಂಡಿಟ್ಟು ಕೊಂದ. ಕೆಲವೇ ದಿನಗಳಲ್ಲಿ ಪ್ರತಿಭಟನಕಾರರು ಸೇಂಟ್ ಪಾಲ್ ನಗರದ 94ನೇ ಸಂಖ್ಯೆಯ ಹೆದ್ದಾರಿಯನ್ನು ಗಂಟೆಗಟ್ಟಲೆ ತಡೆದರು. ಆ ಹೆದ್ದಾರಿಗೆ ತನ್ನದೇ ಚರಿತ್ರೆಯಿದೆ. ಅದನ್ನು ನಿರ್ಮಿಸುವಾಗ ರೊಂಡೊ ಎಂಬ ಕಪ್ಪು ಜನರ ಬಡಾವಣೆಯನ್ನು ಸೀಳಿ ನೂರಾರು ಮನೆಗಳನ್ನು ಕೆಡವಲಾಗಿತ್ತು. 2015ರಲ್ಲಿ ನಗರದ ಮೇಯರ್ ಅದಕ್ಕಾಗಿ ಕ್ಷಮೆ ಕೇಳಿದ್ದರು. ಇದಕ್ಕಿಂತ ಅರ್ಥಪೂರ್ಣ ಸ್ಥಳ ಇನ್ನೊಂದಿರಲಿಲ್ಲ. ಆದರೆ ಆ ರಾತ್ರಿ ಗುಂಪಿನಿಂದ ಕಲ್ಲು, ಬಾಟಲಿಗಳು ತೂರಿಬಂದು ಪೊಲೀಸರು ಗಾಯಗೊಂಡರು. ಮರುದಿನದ ಸುದ್ದಿಯಲ್ಲಿ ರೊಂಡೊ ಹಿಂದೆ ಸರಿಯಿತು, ಕಲ್ಲು ಮುಂದೆ ಬಂತು.

2020ರಲ್ಲಿ ಜಾರ್ಜ್ ಫ್ಲಾಯ್ಡ್ ಅವರ ಕೊಲೆಯ ನಂತರವೂ ಹಲವು ನಗರಗಳಲ್ಲಿ ಹೆದ್ದಾರಿಗಳು ಬಂದ್ ಆದವು. ಪ್ಯೂ ಸಂಸ್ಥೆಯ ಸಮೀಕ್ಷೆಯಂತೆ ಬ್ಲ್ಯಾಕ್ ಲೈವ್ಸ್ ಮ್ಯಾಟರ್ ಚಳವಳಿಗೆ ಇದ್ದ ಬೆಂಬಲ ಜೂನ್‌ನಲ್ಲಿ ಶೇಕಡ 67 ಇದ್ದುದು ಸೆಪ್ಟೆಂಬರ್ ವೇಳೆಗೆ ಶೇಕಡ 55ಕ್ಕೆ ಇಳಿಯಿತು. ಇಳಿಕೆಗೆ ಕಾರಣಗಳು ಹಲವು, ರಸ್ತೆ ತಡೆಯೊಂದನ್ನೇ ದೂರಲಾಗದು. ಆದರೆ 2021ರಲ್ಲಿ ಫ್ಲಾರಿಡಾ, ಅಯೋವಾ, ಒಕ್ಲಹೋಮಾ ರಾಜ್ಯಗಳು ಇಂಥ ಗಲಭೆಗಳ ಸಂದರ್ಭದಲ್ಲಿ ಜನರಿಗೆ ವಾಹನ ತಗುಲಿಸಿದ ಚಾಲಕರಿಗೆ ಕೆಲವು ಸನ್ನಿವೇಶಗಳಲ್ಲಿ ಪರಿಹಾರದ ದಾವೆಯಿಂದ ರಕ್ಷಣೆ ನೀಡುವ ಕಾನೂನು ತಂದವು. ರಸ್ತೆಯ ಮೇಲಿನ ಸಿಟ್ಟು ಕಾನೂನಿನ ಪುಟ ಸೇರಿದ್ದು ಹೀಗೆ.

ಇಬ್ಬರೂ ವಿದ್ಯಾರ್ಥಿಗಳಿಗೆ ನನ್ನ ಉತ್ತರ ಇಷ್ಟು. ಜನ ಬೈಯುತ್ತಾರೆ ಎಂಬ ಕಾರಣಕ್ಕೆ ಹೋರಾಟ ತಪ್ಪಾಗುವುದಿಲ್ಲ, ಚರಿತ್ರೆಯಲ್ಲಿ ಬೈಸಿಕೊಳ್ಳದ ಹೋರಾಟವೇ ವಿರಳ. ಹಾಗೆಯೇ ನಮ್ಮ ಉದ್ದೇಶ ಪವಿತ್ರ ಎಂಬ ಕಾರಣಕ್ಕೆ ಆಂಬುಲೆನ್ಸಿನಲ್ಲಿರುವ ರೋಗಿಯ ದಾರಿ ಕಟ್ಟುವ ಹಕ್ಕೂ ಬರುವುದಿಲ್ಲ. ತಡೆಯಲ್ಲಿ ಸಿಕ್ಕಿಕೊಂಡ ಅಪರಿಚಿತನಿಗೆ ಆ ಅನ್ಯಾಯ ಕಾಣುವಂತೆ ಮಾಡಿದರೆ ಹೋರಾಟಕ್ಕೆ ಲಾಭ. ಅವನಿಗೆ ತಡೆ ಮಾತ್ರ ಕಂಡರೆ ನಷ್ಟ.

ಕಾರಿನಲ್ಲಿ ಕುಳಿತು ಹಾರನ್ ಒತ್ತುವವರಿಗೂ ಒಂದು ಮಾತು. 1965ಕ್ಕೆ ಮೊದಲು ಭಾರತೀಯರಿಗೆ ಅಮೆರಿಕದ ವಲಸೆ ಕೋಟಾ ವರ್ಷಕ್ಕೆ ಕೇವಲ 100 ಇತ್ತು. ಸೆಲ್ಮಾದ ವರ್ಷದಲ್ಲೇ, ಅದೇ ಸಮಾನತೆಯ ಗಾಳಿಯಲ್ಲಿ, ಅಕ್ಟೋಬರ್ 3ರಂದು ಹೊಸ ವಲಸೆ ಕಾಯಿದೆಗೆ ಸಹಿ ಬಿದ್ದು ಆ ಹಳೆಯ ಕೋಟಾ ಪದ್ಧತಿ ಕೊನೆಗೊಂಡಿತು. ನಮ್ಮ ಊರಿನ ಹುಡುಗ ಹುಡುಗಿಯರು ಇಂದು ಆ ಹೆದ್ದಾರಿಗಳಲ್ಲಿ ಕಾರು ಓಡಿಸುತ್ತಿರುವುದರಲ್ಲಿ, ಸೆಲ್ಮಾದ ಸೇತುವೆಯ ಮೇಲೆ ಪೆಟ್ಟು ತಿಂದವರ ಪಾಲೂ ಇದೆ.