ಮೇಗುಟಿಯ ಕಲ್ಲು ಹೇಳಿದ ವರ್ಷ

ಬಾಗಲಕೋಟೆ ಜಿಲ್ಲೆಯ ಹುನಗುಂದ ಸೀಮೆಯ ಐಹೊಳೆಯಲ್ಲಿ ಗುಡ್ಡದ ಮೇಲೆ ಮೇಗುಟಿ ಎಂಬ ಜೈನ ಬಸದಿಯಿದೆ. ಅದನ್ನು ಕಟ್ಟಿಸಿದ ರವಿಕೀರ್ತಿಯೇ ಅದರ ಪೂರ್ವದ ಗೋಡೆಯಲ್ಲಿರುವ ಸಂಸ್ಕೃತ ಶಾಸನದ ಕವಿ. ಆತ ಕಾಲವನ್ನು ಎರಡು ಬಗೆಯಲ್ಲಿ ಹೇಳಿದ್ದಾನೆ: ಭಾರತ ಯುದ್ಧ ಕಳೆದು 3735 ವರ್ಷ, ಶಕ ವರ್ಷ 556. ಎಂದರೆ ಕ್ರಿ.ಶ. 634-35. ಅತ್ತ ಅರೇಬಿಯದಲ್ಲಿ ಉಮರ್ ಖಲೀಫನಾದದ್ದು 634ರಲ್ಲಿ. ಇತ್ತ ಚೀನಾದ ಯಾತ್ರಿಕ ಹ್ಯುಯೆನ್ ತ್ಸಾಂಗ್ ಭಾರತದಲ್ಲಿ ಸಂಚರಿಸುತ್ತಿದ್ದ.

ತನ್ನ ಕೀರ್ತಿಯನ್ನು ಕಾಳಿದಾಸ, ಭಾರವಿಯರ ಕೀರ್ತಿಗೆ ರವಿಕೀರ್ತಿ ಹೋಲಿಸಿಕೊಂಡಿದ್ದಾನೆ. ಆ ಇಬ್ಬರೂ ಈ ವರ್ಷಕ್ಕೆ ಮೊದಲೇ ಹೆಸರಾಗಿದ್ದರು ಎಂಬುದಕ್ಕೆ ಇದು ಗಟ್ಟಿ ಆಧಾರ. ಉತ್ತರದ ಹರ್ಷವರ್ಧನ ಇಮ್ಮಡಿ ಪುಲಕೇಶಿಗೆ ಸೋತದ್ದೂ, ಪಲ್ಲವ ಅರಸ ಕಂಚಿಯ ಕೋಟೆಯೊಳಗೆ ಅಡಗಬೇಕಾದದ್ದೂ ಇದೇ ಶಾಸನದಲ್ಲಿವೆ.

ಆದರೆ ಕಲ್ಲಿನಷ್ಟು ಗಟ್ಟಿಯಾಗಿ ಗೆಲುವು ನಿಲ್ಲಲಿಲ್ಲ. ಸುಮಾರು 642ರಲ್ಲಿ ಪಲ್ಲವ ನರಸಿಂಹವರ್ಮ ಚಾಲುಕ್ಯರ ರಾಜಧಾನಿ ಬಾದಾಮಿಯನ್ನೇ ಹಿಡಿದ; ಅಲ್ಲಿನ ಬಂಡೆಯ ಮೇಲೆ ತನ್ನ ಶಾಸನವನ್ನೂ ಕೊರೆಯಿಸಿದ. ಎರಡು ಶಾಸನಗಳೂ ಇಂದಿಗೂ ಉಳಿದಿವೆ. ಒಂದು ಗೆಲುವನ್ನು ಹೇಳಿದರೆ ಇನ್ನೊಂದು ಸೋಲನ್ನು ಹೇಳುತ್ತದೆ. ಒಂದನ್ನೇ ಓದಿದವರಿಗೆ ಸಿಗುವುದು ಅರ್ಧ ಇತಿಹಾಸ.